ಲದ್ದಿ, ಕೆರೆ, ಕಾಫಿ ತೋಟ: ಕೊಡಗಿನಲ್ಲಿ ಆನೆ ಎಣಿಸುವ ಮೂರು ದಿನ

ಆನೆ ಗಣತಿಗೆಂದು ಕಾಡಿಗೆ ಹೋದವರು ಮೂರು ದಿನದಲ್ಲಿ ಆನೆಗಿಂತ ಲದ್ದಿಯನ್ನೇ ಹೆಚ್ಚು ನೋಡಿ ಬರುತ್ತಾರೆ. ಅದಕ್ಕೆ ಬೇಸರಪಡುವಂಥದ್ದೇನಿಲ್ಲ. ಲೆಕ್ಕದ ದೊಡ್ಡ ಪಾಲು ನಿಂತಿರುವುದೇ ಅದರ ಮೇಲೆ. ಬೇಸರಪಡಬೇಕಾದದ್ದು ಬೇರೆ ಇದೆ: ಏನೂ ಕಾಣದ ದಿನ ಹಾಳೆಯನ್ನು ಖಾಲಿ ಬಿಟ್ಟು ವಾಪಸು ಕೊಡುವುದು. ಸೊನ್ನೆ ಬರೆಯದ ಒಂದು ಹಾಳೆ, ಅಳತೆ ಮಾಡದೆ ಅಂದಾಜಿನಲ್ಲಿ ತುಂಬಿದ ಹತ್ತು ಹಾಳೆಗಳಷ್ಟೇ ಕೆಡುಕು ಮಾಡುತ್ತದೆ. ಯಾಕೆ ಅಂತ ಮುಂದೆ ಬರುತ್ತದೆ.

ಗಣತಿ ಸಾಮಾನ್ಯವಾಗಿ ಮೇ ತಿಂಗಳಲ್ಲಿ. 2023ರಲ್ಲಿ ಮೇ 17ರಿಂದ 19ರವರೆಗೆ, ಅಕ್ಕಪಕ್ಕದ ರಾಜ್ಯಗಳ ಜೊತೆ ಒಂದೇ ಸಮಯಕ್ಕೆ ನಡೆಯಿತು. ಒಂದೇ ಸಮಯ ಏಕೆಂದರೆ ಆನೆಗೆ ಗಡಿ ಗೊತ್ತಿಲ್ಲ. ನಾಗರಹೊಳೆಯ ಹಿಂಡು ವಯನಾಡಿಗೆ ದಾಟುತ್ತದೆ, ಮಾಕುಟ್ಟದ ಕಡೆಯ ಆನೆ ಕಣ್ಣೂರಿನ ಕಾಡಿಗೆ ಇಳಿಯುತ್ತದೆ. ಬೇರೆ ಬೇರೆ ವಾರ ಎಣಿಸಿದರೆ ಒಂದೇ ಆನೆ ಎರಡು ರಾಜ್ಯದ ಪಟ್ಟಿಯಲ್ಲಿ ಕೂತಿರುತ್ತದೆ. ಮೇ ಏಕೆಂದರೆ ಹಳ್ಳ ಬತ್ತಿ, ಆನೆಗಳು ಕೆರೆಯ ಸುತ್ತ ಸೇರಿರುತ್ತವೆ ಎಂಬ ಲೆಕ್ಕ. ಕೊಡಗಿನಲ್ಲಿ ಈ ಲೆಕ್ಕ ಆಗಾಗ ಕೈಕೊಡುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಚೆನ್ನಾಗಿ ಆಗಿ, ಏಪ್ರಿಲ್ ಕೊನೆಗೆ ಮತ್ತೆರಡು ಸಲ ಜೋರಾಗಿ ಸುರಿದರೆ ಹಡ್ಲಿನಲ್ಲೆಲ್ಲ, ಅಂದರೆ ಕಾಡಿನ ನಡುವಿನ ಜವುಗು ಬಯಲಿನಲ್ಲೆಲ್ಲ, ನೀರು. ಆಗ ಕೆರೆಯ ಬಳಿ ಕಾದು ಕೂತವರಿಗೆ ಕಾಣುವುದು ಕಡವೆ, ಕಾಟಿ ಮಾತ್ರ.

ಮೊದಲು ಒಂದು ದಿನದ ತರಬೇತಿ ಇರುತ್ತದೆ. ಅದನ್ನು ತಪ್ಪಿಸಿ ನೇರ ಕಾಡಿಗೆ ಬರುವವರು ಪ್ರತಿ ಸಲವೂ ಇರುತ್ತಾರೆ, ಎರಡನೇ ದಿನ ಗುಂಪಿಗೆ ಹೊರೆಯಾಗುವವರೂ ಅವರೇ. ಒಂದು ಗುಂಪಿನಲ್ಲಿ ಮೂರ್ನಾಲ್ಕು ಜನ: ಬೀಟ್ ಗಾರ್ಡ್ (ಆ ತುಂಡು ಕಾಡಿನ ಹೊಣೆ ಹೊತ್ತ ಅರಣ್ಯ ರಕ್ಷಕ), ವಾಚರ್ (ಕಾಡು ಕಾಯುವ ಸ್ಥಳೀಯ), ಇಲಾಖೆ ಸ್ವಯಂಸೇವಕರನ್ನು ಕರೆದ ವರ್ಷ ಒಬ್ಬಿಬ್ಬರು ನಮ್ಮಂಥವರು. ವಾಚರ್ ಹೆಚ್ಚಾಗಿ ಜೇನುಕುರುಬ ಅಥವಾ ಯರವ ಬುಡಕಟ್ಟಿನ ಹಾಡಿಯವರಾಗಿರುತ್ತಾರೆ. ಕಾಗದದ ಮೇಲೆ ಗುಂಪಿನ ಮುಖಂಡ ಗಾರ್ಡ್. ಕಾಡಿನೊಳಗೆ ಮುಂದೆ ನಡೆಯುವುದು, ನಿಲ್ಲು ಎನ್ನುವುದು, ಹಿಂದಕ್ಕೆ ಎನ್ನುವುದು ಎಲ್ಲ ವಾಚರ್. ಅವರು ಕೈ ಎತ್ತಿದರೆ ಮುಗಿಯಿತು, ಪ್ರಶ್ನೆ ಕೇಳುವ ಹೊತ್ತಲ್ಲ ಅದು.

ಚೀಲದಲ್ಲಿ ಬೇಕಾದದ್ದು ಜಾಸ್ತಿ ಏನಿಲ್ಲ. ಜಿಪಿಎಸ್ ಅಥವಾ ಮೊಬೈಲ್, ದಿಕ್ಸೂಚಿ, ಅಳತೆ ಟೇಪು, ಹಾಳೆಗಳಿಗೆ ಪ್ಲಾಸ್ಟಿಕ್ ಹೊದಿಕೆ. ಪೆನ್ನು ಬೇಡ, ಪೆನ್ಸಿಲ್ ಎರಡು ಇರಲಿ. ಸಂಜೆ ಮಳೆಗೆ ಪೆನ್ನಿನ ಶಾಯಿ ಹರಡಿ ಇಡೀ ದಿನದ ಅಳತೆ ನೀಲಿ ಕಲೆಯಾಗುತ್ತದೆ. ಕ್ಯಾಮೆರಾದ ಗಡಿಯಾರವನ್ನು ಹಿಂದಿನ ರಾತ್ರಿಯೇ ಎಲ್ಲರ ಮೊಬೈಲ್ ಸಮಯಕ್ಕೆ ಸರಿಹೊಂದಿಸಬೇಕು. ಇಬ್ಬರ ಚಿತ್ರಗಳಲ್ಲಿ ಇಪ್ಪತ್ತು ನಿಮಿಷ ವ್ಯತ್ಯಾಸವಿದ್ದರೆ ಒಂದೇ ಹಿಂಡು ಎರಡಾಗುತ್ತದೆ. ತಲೆಗೆ ಎರಡು ಲೀಟರ್ ನೀರು, ಬಾಳೆ ಎಲೆಯಲ್ಲಿ ಸುತ್ತಿದ ಅಕ್ಕಿ ರೊಟ್ಟಿ. ಜಿಗಣೆಗೆ ಹೊಗೆಸೊಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಉದ್ದ ಕಾಲುಚೀಲ. ಉಣುಗಿಗೆ ಇದೂ ಸಾಲದು, ಸಂಜೆ ಬಟ್ಟೆ ಬಿಸಿನೀರಿಗೆ ಹಾಕಲೇಬೇಕು. ಸೆಂಟು, ಪರಿಮಳದ ಸೋಪು, ಬಿಳಿ ಅಂಗಿ ಮನೆಯಲ್ಲೇ ಇರಲಿ.

ಇನ್ನೊಂದು ವಸ್ತು ಯಾವ ಪಟ್ಟಿಯಲ್ಲೂ ಇರುವುದಿಲ್ಲ: ಬೂದಿ ಚೀಲ. ಒಲೆಯ ಬೂದಿಯನ್ನು ಜರಡಿ ಹಿಡಿದು ಹಳೆಯ ತೆಳು ಕಾಲುಚೀಲಕ್ಕೆ ತುಂಬಿ ಬಾಯಿ ಕಟ್ಟಿದರೆ ಆಯಿತು. ಮೆಲ್ಲಗೆ ಕೊಡವಿದರೆ ಬೂದಿ ಯಾವ ಕಡೆ ತೇಲುತ್ತದೋ ಗಾಳಿ ಆ ಕಡೆ. ಆನೆಗೆ ದೂರದ ಕಣ್ಣು ಮಂದ, ಮೂಗು ಮಾತ್ರ ಬಲು ಚುರುಕು. ಗಾಳಿ ನಮ್ಮ ಬೆನ್ನ ಹಿಂದಿನಿಂದ ಬೀಸುತ್ತಿದ್ದರೆ ನಾವು ಹಿಂಡನ್ನು ಕಾಣುವ ಮೊದಲೇ ಹಿಂಡು ಜಾಗ ಬಿಟ್ಟಿರುತ್ತದೆ, ಇಲ್ಲವೇ ಜಾಗ ಬಿಡಲೊಲ್ಲದ ಹೆಣ್ಣಾನೆ ಎದುರಾಗುತ್ತದೆ. ಬೆಳಿಗ್ಗೆ ಇಳಿಜಾರಿನಲ್ಲಿ ಗಾಳಿ ಒಂದು ದಿಕ್ಕಿದ್ದರೆ ಬಿಸಿಲೇರಿದ ಮೇಲೆ ಇನ್ನೊಂದು ದಿಕ್ಕು. ಅದಕ್ಕೇ ಹತ್ತು ನಿಮಿಷಕ್ಕೊಮ್ಮೆ ಚೀಲ ಕೊಡವುತ್ತಲೇ ಇರಬೇಕು.

ಮೊದಲ ದಿನ ಬ್ಲಾಕ್ ಎಣಿಕೆ. ಕಾಡನ್ನು ಹಳ್ಳ, ಮಾರ್ಗ, ಬೆಂಕಿ ರೇಖೆಗಳಂಥ ಗುರುತಿಗೆ ಸಿಗುವ ಎಲ್ಲೆಗಳಿಂದ ಸುಮಾರು ಐದು ಚದರ ಕಿ.ಮೀ.ನ ತುಂಡುಗಳಾಗಿ ಮಾಡಿರುತ್ತಾರೆ. ಬೆಳಿಗ್ಗೆ ಆರಕ್ಕೆ ಒಳಹೊಕ್ಕು ಬ್ಲಾಕಿನ ಮೂಲೆ ಮೂಲೆ ಸುತ್ತಬೇಕು, ಕನಿಷ್ಠ ಹದಿನೈದು ಕಿ.ಮೀ. ನಡಿಗೆ. ಬರೆಯುವುದು ಕಣ್ಣಿಗೆ ಕಂಡ ಆನೆಯನ್ನು ಮಾತ್ರ. ಬಿದಿರು ಮುರಿದ ಸದ್ದು, ಘೀಳಿಟ್ಟದ್ದು, ಬಿಸಿ ಲದ್ದಿ ಯಾವುದೂ ಈ ಹಾಳೆಗೆ ಬರಕೂಡದು. "ಇಲ್ಲೇ ಇತ್ತು ಸಾರ್, ಈಗಷ್ಟೇ ಹೋಯ್ತು" ಎಂಬುದು ಷರಾ ಕಾಲಂಗೆ.

ಕಂಡಾಗ ಬರೆಯಬೇಕಾದವು ಐದು ಸಂಗತಿ: ಹೊತ್ತು, ಜಾಗ, ಎಷ್ಟು, ಯಾವ ವಯಸ್ಸು-ಲಿಂಗ, ಹೋದ ದಿಕ್ಕು. ದಿಕ್ಕನ್ನೇ ಹೆಚ್ಚಿನವರು ಮರೆಯುತ್ತಾರೆ. 9.40ಕ್ಕೆ ಏಳು ಆನೆ ಪೂರ್ವಕ್ಕೆ ಹೋದವು ಎಂದು ನೀವು ಬರೆದು, 10.15ಕ್ಕೆ ಪೂರ್ವದ ಬ್ಲಾಕಿನವರು ಏಳು ಆನೆ ಕಂಡೆವು ಎಂದು ಬರೆದರೆ, ಸಂಜೆ ಕೂತು ಎರಡನ್ನೂ ಒಂದೇ ಹಿಂಡೆಂದು ಹಿಡಿಯಬಹುದು. ದಿಕ್ಕಿಲ್ಲದಿದ್ದರೆ ಹದಿನಾಲ್ಕು. ಲಂಟಾನ ಎಂಬ ಕಳೆಗಿಡದ ಮೆಳೆಯೊಳಗೆ ಪೂರ್ತಿ ಕಾಣದಿದ್ದರೆ "ಕನಿಷ್ಠ 4" ಎಂದೇ ಬರೆಯುವುದು ಸರಿ. ಎಣಿಕೆ ಪೂರ್ತಿಯಾಗಲೆಂದು ಹತ್ತಿರ ಹೋಗುವುದು ತಪ್ಪು ಮಾತ್ರವಲ್ಲ, ಅಪಾಯ. ಕೆನ್ನೆಯ ಮೇಲೆ ಎಣ್ಣೆ ಸುರಿದಂಥ ಕರಿ ಗೆರೆ, ಹಿಂಗಾಲಿನ ನಡುವೆ ತೊಟ್ಟಿಕ್ಕುವ ಮೂತ್ರ ಕಂಡರೆ ಸಲಗ ಮದದಲ್ಲಿದೆ. ಆ ಕ್ಷಣಕ್ಕೆ ಗಣತಿ ನಿಂತಿತು, ಸುತ್ತು ಬಳಸಿ ಹೊರಡುವುದೇ.

ಈಗ ಸೊನ್ನೆಯ ವಿಷಯ. ಹತ್ತು ಬ್ಲಾಕುಗಳು, ತಲಾ ಐದು ಚದರ ಕಿ.ಮೀ. ಎಂದಿಟ್ಟುಕೊಳ್ಳಿ. ಮೂರರಲ್ಲಿ ಒಟ್ಟು ಹದಿನೈದು ಆನೆ ಕಂಡವು, ಏಳರಲ್ಲಿ ಏನೂ ಇಲ್ಲ. ಐವತ್ತು ಚದರ ಕಿ.ಮೀ.ಗೆ ಹದಿನೈದು, ಅಂದರೆ ಚದರ ಕಿ.ಮೀ.ಗೆ 0.3. ಆ ಏಳು ಗುಂಪಿನವರು "ಏನೂ ಸಿಗಲಿಲ್ಲ" ಎಂದು ಹಾಳೆಯನ್ನೇ ಕೊಡದಿದ್ದರೆ ಉಳಿಯುವುದು ಹದಿನೈದು ಚದರ ಕಿ.ಮೀ.ಗೆ ಹದಿನೈದು ಆನೆ, ಅಂದರೆ ಒಂದಕ್ಕೊಂದು. ಮುನ್ನೂರು ಚದರ ಕಿ.ಮೀ. ಕಾಡಿಗೆ ಇದನ್ನು ಹರಡಿದರೆ ಮೊದಲನೆಯದು 90 ಆನೆ ಎನ್ನುತ್ತದೆ, ಎರಡನೆಯದು 300. ಕಾಡು ಅದೇ, ಆನೆ ಅವೇ. ಸೊನ್ನೆ ತಂದವರು ಸಂಜೆ ಮುಖ ಸಣ್ಣದು ಮಾಡಿಕೊಂಡು ಕೂರುವುದನ್ನು ನೋಡಿದಾಗಲೆಲ್ಲ ಈ ಲೆಕ್ಕವನ್ನು ಗೋಡೆಗೆ ಬರೆದಿಡಬೇಕು ಅನ್ನಿಸುತ್ತದೆ.

ಎರಡನೇ ದಿನ ಲದ್ದಿಯದು. ಎರಡು ಕಿ.ಮೀ. ಉದ್ದದ ನೇರ ಗೆರೆಯಲ್ಲಿ ನಡೆಯುತ್ತ, ಎರಡೂ ಬದಿಗೆ ಕಾಣುವ ಪ್ರತಿ ಲದ್ದಿ ಗುಡ್ಡೆಗೂ ಗೆರೆಯಿಂದ ಲಂಬವಾಗಿ ಎಷ್ಟು ದೂರ ಎಂದು ಟೇಪು ಹಿಡಿದು ಅಳೆಯಬೇಕು. ಕೇಳುವುದಕ್ಕೆ ಸುಲಭ, ತಪ್ಪುವುದೆಲ್ಲ ಇಲ್ಲಿಯೇ. ದಿಕ್ಸೂಚಿ ಹಿಡಿದವರು ದಿಕ್ಕು ಮಾತ್ರ ನೋಡಬೇಕು, ಒಬ್ಬರು ಕಾಲಡಿಯ ಗೆರೆಯ ಮೇಲಿನದ್ದನ್ನು, ಇನ್ನಿಬ್ಬರು ಎಡಬಲ. ಗೆರೆಯ ಮೇಲಿರುವುದು ಒಂದೂ ತಪ್ಪಬಾರದು. ದೂರದ್ದು ಸ್ವಲ್ಪ ತಪ್ಪಿದರೂ ನಡೆಯುತ್ತದೆ, ಏಕೆಂದರೆ ದೂರ ಹೆಚ್ಚಿದಂತೆ ಕಣ್ಣು ಎಷ್ಟು ತಪ್ಪಿಸುತ್ತದೆ ಎಂಬುದನ್ನು ಆಮೇಲೆ ಈ ಅಳತೆಗಳಿಂದಲೇ ಲೆಕ್ಕ ಹಾಕುತ್ತಾರೆ.

ಅದಕ್ಕೇ ಕಣ್ಣಂದಾಜು ಕೂಡದು. ಅಂದಾಜಿನಲ್ಲಿ ಬರೆದ ಹಾಳೆಯನ್ನು ನೋಡಿದೊಡನೆ ಗೊತ್ತಾಗುತ್ತದೆ: ಎಲ್ಲವೂ 2 ಮೀಟರ್, 5 ಮೀಟರ್, 10 ಮೀಟರ್. ಟೇಪು ಹಿಡಿದ ಹಾಳೆಯಲ್ಲಿ 1.35, 4.80, 7.15 ಎಂದಿರುತ್ತದೆ. ಅಳೆಯಬೇಕಾದದ್ದು ಗುಡ್ಡೆಯ ನಡುಭಾಗಕ್ಕೆ, ಹತ್ತಿರದ ಅಂಚಿಗಲ್ಲ.

ಇನ್ನೊಂದು ದೊಡ್ಡ ತಪ್ಪು ಆನೆದಾರಿ. ಮಾವುಕಲ್ಲು, ದೇವಮಚ್ಚಿ ಕಾಡುಗಳ ಕಡೆ ಲಂಟಾನ ಎದೆಯೆತ್ತರ ಬೆಳೆದಿರುವಲ್ಲಿ ನೇರ ಗೆರೆ ಹಿಡಿಯುವುದು ಹಿಂಸೆ. ಪಕ್ಕದಲ್ಲೇ ಆನೆ ನಡೆದು ಸವೆದ ಚೊಕ್ಕ ದಾರಿ ಇರುತ್ತದೆ. ಕಾಲು ತಾನಾಗಿ ಅತ್ತ ಎಳೆಯುತ್ತದೆ. ಆನೆ ನಡೆಯುವ ದಾರಿಯಲ್ಲಿ ಲದ್ದಿ ದಟ್ಟವಾಗಿರುವುದು ಸಹಜ, ಆ ದಾರಿಯನ್ನೇ ಗೆರೆಯಾಗಿ ಹಿಡಿದರೆ ಲೆಕ್ಕ ಉಬ್ಬುತ್ತದೆ. ಮೆಳೆ ದಾಟಲು ಆಗದಿದ್ದರೆ ಬಳಸಿ ಹೋಗಿ ಮತ್ತೆ ಅದೇ ದಿಕ್ಕಿನ ಗೆರೆಗೆ ಬಂದು, ಬಳಸಿದ ಜಾಗವನ್ನು ಷರಾದಲ್ಲಿ ಬರೆಯಬೇಕು. ಬಳಸುವ ದಾರಿಯಲ್ಲಿ ಕಂಡ ಲದ್ದಿ ಲೆಕ್ಕಕ್ಕಿಲ್ಲ.

ಗುಡ್ಡೆ ಎಂದರೇನು ಎಂಬುದಕ್ಕೂ ಜಗಳವಾಗುತ್ತದೆ. ಆನೆ ಒಮ್ಮೆಗೆ ಹಾಕುವುದು ಹೆಚ್ಚಾಗಿ ಐದರಿಂದ ಎಂಟು ಉಂಡೆ. ನಿಂತು ಹಾಕಿದರೆ ಒಂದೇ ರಾಶಿ. ನಡೆಯುತ್ತ ಹಾಕಿದರೆ ಹತ್ತು ಹೆಜ್ಜೆ ಉದ್ದಕ್ಕೆ ಚೆಲ್ಲಿರುತ್ತದೆ. ಬಣ್ಣ, ಉಂಡೆಯ ಗಾತ್ರ, ಒಳಗಿನ ನಾರು, ಹಸಿತನ ಒಂದೇ ಇದ್ದರೆ ಎಷ್ಟು ಚೆಲ್ಲಿದ್ದರೂ ಒಂದೇ ಗುಡ್ಡೆ. ಇಲ್ಲಿ ವಾಚರ್ ಮಾತೇ ಕೊನೆ. ಅವರು ಕಡ್ಡಿಯಲ್ಲಿ ಒಡೆದು ಒಳಗಿನ ತೇವ ನೋಡಿ "ಇದು ನಿನ್ನೆ ರಾತ್ರಿದು, ಅದು ಮೊನ್ನೆದು" ಎನ್ನುತ್ತಾರೆ.

ಸ್ಥಿತಿಯನ್ನೂ ಬರೆಯಬೇಕು. ಉಂಡೆಗಳೆಲ್ಲ ಗಟ್ಟಿ ಇದ್ದರೆ ಎ, ಕೆಲವು ಮಾತ್ರ ಗಟ್ಟಿ ಇದ್ದರೆ ಬಿ, ಎಲ್ಲ ಒಡೆದು ರಾಶಿಯಾಗಿದ್ದರೆ ಸಿ, ನೆಲಕ್ಕಂಟಿದ ಚಪ್ಪಟೆ ನಾರಷ್ಟೇ ಉಳಿದಿದ್ದರೆ ಡಿ. ಲದ್ದಿ ಹೌದೋ ಅಲ್ಲವೋ ಎಂದು ಅನುಮಾನ ಬರುವಷ್ಟು ಕರಗಿದ್ದನ್ನು ಬಿಟ್ಟುಬಿಡುವುದು.

ಲದ್ದಿಯಿಂದ ಆನೆಗೆ ಹೋಗುವ ಗಣಿತ ಸರಳ. ದಕ್ಷಿಣ ಭಾರತದ ಲೆಕ್ಕಗಳಲ್ಲಿ ಒಂದು ಆನೆ ದಿನಕ್ಕೆ ಸುಮಾರು 16 ಸಲ ಲದ್ದಿ ಹಾಕುತ್ತದೆ ಎಂದು ಹಿಡಿಯುತ್ತಾರೆ. ಒಂದು ಗುಡ್ಡೆ ಕರಗಿ ಮಾಯವಾಗಲು ನೂರು ದಿನ ಬೇಕಾದರೆ ಯಾವ ಹೊತ್ತಿಗೆ ನೋಡಿದರೂ ಒಂದು ಆನೆಯ ಲೆಕ್ಕಕ್ಕೆ 1,600 ಗುಡ್ಡೆ ನೆಲದ ಮೇಲಿರುತ್ತವೆ. ಚದರ ಕಿ.ಮೀ.ಗೆ 1,600 ಗುಡ್ಡೆ ಇದ್ದರೆ ಒಂದು ಆನೆ. ಆದರೆ ಅಲ್ಲಿ ನಿಜಕ್ಕೂ ಎಂಬತ್ತೇ ದಿನದಲ್ಲಿ ಕರಗುತ್ತಿದ್ದರೆ? 1,600ನ್ನು 1,280ರಿಂದ ಭಾಗಿಸಿದರೆ 1.25. ಐದರಲ್ಲೊಂದು ಆನೆ ಲೆಕ್ಕದಿಂದ ಬಿಟ್ಟುಹೋಯಿತು. ಕೊಡಗಿನಲ್ಲಿ ಈ ವ್ಯತ್ಯಾಸ ಪುಸ್ತಕದ ಮಾತಲ್ಲ. ಪಶ್ಚಿಮದ ಇಳಿಜಾರಿನ ತೇವ ಕಾಡಿನಲ್ಲಿ, ಮಾಕುಟ್ಟದಲ್ಲಿ, ಲದ್ದಿ ಕರಗುವ ವೇಗವೇ ಬೇರೆ. ಪೂರ್ವಕ್ಕೆ ಆನೆಚೌಕೂರಿನ ಒಣ ಕಾಡಿನಲ್ಲಿ ಬಿಸಿಲು ಅದನ್ನು ಬೆರಣಿಯಂತೆ ಸುಟ್ಟು ಇಡುತ್ತದೆ, ಗೆದ್ದಲು ಹತ್ತಿದರೆ ಮಾತ್ರ ಬೇಗ ಪುಡಿ. ಹಾಗಾಗಿ ಗಣತಿಗೆ ತಿಂಗಳುಗಳ ಮೊದಲೇ ಆಯಾ ಕಾಡಿನಲ್ಲಿ ಹೊಸ ಲದ್ದಿಗೆ ಗೂಟ ಹೊಡೆದು, ಕರಗುವ ತನಕ ಮತ್ತೆ ಮತ್ತೆ ಹೋಗಿ ನೋಡುವ ಕೆಲಸವಿದೆ. ಯಾರ ಫೋಟೋಗೂ ಬರದ ಕೆಲಸ ಅದು, ವಾಚರ್‌ಗಳೇ ಮಾಡುವುದು.

ಮೂರನೇ ದಿನ ಕೆರೆ ಕಾಯುವುದು. ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ಕೆರೆ ಅಥವಾ ಉಪ್ಪುನೆಕ್ಕು (ಪ್ರಾಣಿಗಳು ಉಪ್ಪು ಮಣ್ಣು ನೆಕ್ಕಲು ಬರುವ ಜಾಗ) ಇರುವಲ್ಲಿ, ಗಾಳಿ ನಮ್ಮ ಕಡೆ ಬೀಸುವಂಥ ಜಾಗದಲ್ಲಿ, ಅಟ್ಟಣೆಯ ಮೇಲೆ ಅಲುಗದೆ ಕೂರಬೇಕು. ಈ ದಿನದ ಉದ್ದೇಶ ಒಟ್ಟು ಸಂಖ್ಯೆಗಿಂತ ಹಿಂಡಿನ ರಚನೆ: ಎಷ್ಟು ಮರಿ, ಎಷ್ಟು ಗಂಡು, ಎಷ್ಟು ಹೆಣ್ಣು. ತಾಯಿಯ ಹೊಟ್ಟೆಯಡಿ ಸಲೀಸಾಗಿ ನುಸುಳುವುದು ಒಂದು ವರ್ಷದೊಳಗಿನ ಮರಿ, ಎತ್ತರ 120 ಸೆಂ.ಮೀ. ಒಳಗೆ. 180 ಸೆಂ.ಮೀ. ತನಕ ಐದು ವರ್ಷದೊಳಗಿನವು. ಹೆಣ್ಣು 210, ಗಂಡು 240 ದಾಟಿದರೆ ವಯಸ್ಕ, ನಡುವಿನವು ಹರೆಯದವು. ಹಿಂಡಿನ ದೊಡ್ಡ ಹೆಣ್ಣಾನೆಯ ಭುಜವನ್ನೇ ಅಳತೆಗೋಲು ಮಾಡಿಕೊಂಡು ಉಳಿದವನ್ನು ಅದಕ್ಕೆ ಹೋಲಿಸಬೇಕು. ನೀರೊಳಗೆ ನಿಂತ ಆನೆಯ ಎತ್ತರ ಅಳೆಯಲು ಹೋಗಬೇಡಿ, ದಡ ಹತ್ತುವ ತನಕ ಕಾಯಿರಿ.

ದಂತ ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು ಎಂದು ಬರೆಯುವವರು ಮಖ್ನಾಗಳನ್ನೆಲ್ಲ ಹೆಣ್ಣು ಮಾಡಿಬಿಡುತ್ತಾರೆ. ಮಖ್ನಾ ದಂತವಿಲ್ಲದ ಗಂಡು: ಸೊಂಡಿಲಿನ ಬುಡ ದಪ್ಪ, ಹಣೆ ಉಬ್ಬು, ಬಾಲದ ಕೆಳಗೆ ಗಂಡಿನ ಉಬ್ಬು ಕಾಣುತ್ತದೆ. ಹೆಣ್ಣಿನ ಬೆನ್ನಿನ ಹಿಂಭಾಗ ಕೋನವಾಗಿ ಇಳಿದರೆ ಗಂಡಿನದು ಗುಂಡಾಗಿ ಇಳಿಯುತ್ತದೆ. ಅನುಮಾನ ಇದ್ದರೆ "ಗೊತ್ತಾಗಲಿಲ್ಲ" ಎಂಬ ಕಾಲಂ ಇದೆ, ಅದನ್ನು ಬಳಸಲು ನಾಚಿಕೆ ಬೇಡ.

ಆನೆಗಳು ಹೋದ ಮೇಲೆ, ವಾಚರ್ ಸರಿ ಎಂದರೆ, ಕೆಳಗಿಳಿದು ಹೆಜ್ಜೆ ಅಳೆಯಬಹುದು. ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಹೆಚ್ಚುಕಡಿಮೆ ಭುಜದ ಎತ್ತರ. 115 ಸೆಂ.ಮೀ. ಸುತ್ತಳತೆ ಎಂದರೆ 230 ಸೆಂ.ಮೀ. ಆನೆ. ಮುಂಗಾಲಿನದು ದುಂಡು, ಹಿಂಗಾಲಿನದು ಉದ್ದುದ್ದ. ಹಿಂಗಾಲು ಮುಂಗಾಲಿನ ಗುರುತಿನ ಮೇಲೆಯೇ ಬೀಳುವುದು ಸಾಮಾನ್ಯ, ಅಂಥ ಹೆಜ್ಜೆ ಬಿಡಬೇಕು. ಕೆಸರಿನಲ್ಲಿ ಜಾರಿ ಹಿಗ್ಗಿದ ಹೆಜ್ಜೆಯಿಂದ ಸಣ್ಣ ಆನೆಯೂ ದೈತ್ಯನಾಗುತ್ತದೆ. ಗಟ್ಟಿ ತೇವ ಮಣ್ಣಿನ ಮೇಲೆ ಬಿದ್ದದ್ದೇ ಆಗಬೇಕು.

ಇಷ್ಟೆಲ್ಲ ಆದ ಮೇಲೂ ಕೊಡಗಿನ ಲೆಕ್ಕದಲ್ಲಿ ಒಂದು ತೂತು ಉಳಿಯುತ್ತದೆ: ಕಾಫಿ ತೋಟ. ಬ್ಲಾಕು, ಗೆರೆ ಎಲ್ಲ ಕಾಡಿನೊಳಗೆ. ಆನೆಗಳಲ್ಲಿ ಕೆಲವು ಹಗಲೆಲ್ಲ ತೋಟದ ನೆರಳಿನಲ್ಲಿ ನಿಂತಿರುತ್ತವೆ. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಸುತ್ತಲಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಹಲಸು ಬಲಿಯುತ್ತಿರುತ್ತದೆ, ಹೂಮಳೆ ತಪ್ಪಿದರೆ ಸ್ಪ್ರಿಂಕ್ಲರ್‌ಗೆಂದು ತೋಡಿದ ಕೆರೆಯಲ್ಲಿ ನೀರಿರುತ್ತದೆ, ಗುಂಡಿನ ಸದ್ದಿಲ್ಲ. ಕಾಡಿಗಿಂತ ಸುಖ. ಲಂಟಾನ ಮುಚ್ಚಿದ, ಬಿದಿರು ಹೂಬಿಟ್ಟು ಸತ್ತ ಕಾಡಿನಲ್ಲಿ ಏನಿದೆ ಅಂತ ಅವು ಅಲ್ಲಿ ಇರಬೇಕು?

ತೋಟದಲ್ಲಿ ಮೇಲಿನ ಯಾವ ವಿಧಾನವೂ ಸರಿಯಾಗಿ ನಡೆಯದು. ರೋಬಸ್ಟಾ ಗಿಡದ ನಡುವೆ ದೊಡ್ಡ ಆನೆಯ ಬೆನ್ನು ಕಂಡರೂ ಮರಿ ಕಾಣುವುದಿಲ್ಲ. ಲದ್ದಿಯನ್ನು ಗೊಬ್ಬರವೆಂದು ಕೆಲಸದವರು ಗಿಡದ ಬುಡಕ್ಕೆ ಎಳೆದಿರುತ್ತಾರೆ. ಅಲ್ಲಿ ಎಣಿಕೆ ನಡೆಯುವುದು ಜನರ ಕಣ್ಣಿನಿಂದ, ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಕೇಳಿ. ಕೇಳುವುದಕ್ಕೂ ಕ್ರಮವಿದೆ. "ಅಕ್ಕಾ, ನಿಮ್ಮ ತೋಟಕ್ಕೆ ಎಷ್ಟು ಆನೆ ಬರ್ತವೆ?" ಎಂದರೆ "ಹತ್ತಿಪ್ಪತ್ತು ಉಂಟು ಸಾರ್" ಎಂಬ ಉತ್ತರ. ಅದು ವರ್ಷದ ಹೆದರಿಕೆಯನ್ನೆಲ್ಲ ಕೂಡಿಸಿ ಹೇಳಿದ ಸಂಖ್ಯೆ. "ಕೊನೆಗೆ ಯಾವತ್ತು ಕಂಡದ್ದು? ಆಗ ಎಷ್ಟು ತಲೆ ಎಣಿಸಿದ್ರಿ? ಮರಿ ಇತ್ತಾ?" ಎಂದು ಕೇಳಿದರೆ "ಸೋಮವಾರ ಬೆಳಿಗ್ಗೆ, ಮೂರು, ಒಂದು ಸಣ್ಣದು" ಎಂದು ಬರುತ್ತದೆ. ಅದೇ ದಿನ ಅಲ್ಲಿಗೆ ಹೋಗಿ ನೋಡಬೇಕು: ತುಳಿದ ಪೈಪು, ಹಲಸಿನ ಸಿಪ್ಪೆ, ಬೀಜವಿರುವ ಲದ್ದಿ, ಕೆರೆ ಏರಿಯ ಹೆಜ್ಜೆ. ಕೊಯ್ಲಿನ ತಿಂಗಳಾದರೆ ಲದ್ದಿಯಲ್ಲಿ ಕಾಫಿ ಬೀಜವೇ ಇಡಿಯಾಗಿ ಬಿದ್ದಿರುತ್ತದೆ.

ತೋಟದವರು ಆನೆಗಳಿಗೆ ಹೆಸರಿಟ್ಟಿರುತ್ತಾರೆ. ಮೋಟುಬಾಲ, ಹರಕುಕಿವಿ, ಒಂಟಿಕೋರೆ. ಪೈಪು ಮುರಿದ ದಿನ ಬೈಯುವವರೇ, ಹದಿನೈದು ದಿನ ಕಾಣದಿದ್ದರೆ "ಎಲ್ಲಿ ಹೋಯ್ತೋ, ಕರೆಂಟಿಗೆ ಸಿಕ್ತೋ ಏನೋ" ಎಂದು ಕಳವಳಪಡುವುದೂ ಉಂಟು. ಈ ಹೆಸರುಗಳು ಗಣತಿಗೆ ದೊಡ್ಡ ಸಹಾಯ, ದೊಡ್ಡ ಬಲೆಯೂ ಹೌದು. ಒಂದೇ ಸಲಗಕ್ಕೆ ಮೂರು ತೋಟದಲ್ಲಿ ಮೂರು ಹೆಸರು. ಹೆಸರು ನಂಬಿ ಬರೆದರೆ ಒಂದು ಮೂರಾಗುತ್ತದೆ. ಪರಿಹಾರ: ಎಡಕಿವಿ, ಬಲಕಿವಿ, ಬಾಲದ ತುದಿ, ದಂತ ನಾಲ್ಕೂ ಕಾಣುವ ಚಿತ್ರ, ಹೊತ್ತು ಸಮೇತ, ಎಲ್ಲ ತೋಟದವರೂ ಇರುವ ಒಂದೇ ವಾಟ್ಸಾಪ್ ಗುಂಪಿಗೆ. ಕಿವಿಯಂಚಿನ ಹರಕು ಒಂದರಂತೆ ಇನ್ನೊಂದು ಇರುವುದಿಲ್ಲ. ಚಿತ್ರ ತೆಗೆಯಲೆಂದು ಮಾತ್ರ ಪಟಾಕಿ ಹೊಡೆದು ಹೊರಗೆಬ್ಬಿಸಬಾರದು. ಪಟಾಕಿಗೆ ಎದ್ದ ಆನೆ ಪಕ್ಕದ ತೋಟದಲ್ಲಿ ಕೆಲಸಕ್ಕೆ ಹೊರಟವರ ಎದುರಿಗೆ ನಿಲ್ಲುತ್ತದೆ.

2023ರ ಲೆಕ್ಕ ಕರ್ನಾಟಕಕ್ಕೆ 6,395 ಆನೆ ಎಂದಿತು, 2017ರದ್ದು 6,049. 2025ರ ಅಕ್ಟೋಬರ್‌ನಲ್ಲಿ ಬಂದ ದೇಶದ ಮೊದಲ ಡಿಎನ್‌ಎ ಆಧಾರಿತ ಅಂದಾಜು ಕರ್ನಾಟಕಕ್ಕೆ 6,013, ದೇಶಕ್ಕೆ 22,446 ಎಂದಿತು. 2017ರಲ್ಲಿ ದೇಶದ್ದು 27,312 ಇದ್ದದ್ದರಿಂದ ಐದು ಸಾವಿರ ಆನೆ ಸತ್ತವೆಂದು ಹಲವರು ಹೌಹಾರಿದರು. ವಿಧಾನ ಬೇರೆಯಾದಾಗ ಎರಡು ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟು ಕಳೆಯಲಾಗದು. ಹೊಸ ವಿಧಾನದಲ್ಲೂ ಎತ್ತಿಕೊಳ್ಳಬೇಕಾದದ್ದು ಲದ್ದಿಯೇ. ಆನೆಯ ಕರುಳಿನ ಕೋಶಗಳು ಉಂಡೆಯ ಹೊರಮೈಯ ಲೋಳೆಯಲ್ಲಿ ಅಂಟಿರುತ್ತವೆ, ಅದರಿಂದ ಆನೆ ಆನೆಯನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ಮಳೆ ತೊಳೆದರೆ, ಬಿಸಿಲು ಬಡಿದರೆ ಆ ಪದರ ಹಾಳು. ಹಾಗಾಗಿ ಮುಂಜಾನೆಯ ತಾಜಾ ಲದ್ದಿ ಬೇಕು, ಅದು ತಾಜಾ ಹೌದೋ ಎಂದು ಹೇಳುವವರು ಮತ್ತೆ ಅದೇ ಕಡ್ಡಿ ಹಿಡಿದ ವಾಚರ್.

ಮೂರನೇ ದಿನ ಸಂಜೆ ಹಾಳೆ ಕೊಡುವ ಮುಂಚೆ ಅಲ್ಲೇ ಕೂತು ಒಮ್ಮೆ ಓದಬೇಕು. ಮನೆಗೆ ಹೋದ ಮೇಲೆ ನೆನಪಿನಿಂದ ತುಂಬಿದ ಕಾಲಂ ಯಾವುದಕ್ಕೂ ಬಾರದು. ದಿಕ್ಕು ಬರೆದಿದೆಯೇ, ಸೊನ್ನೆಯನ್ನು ಸೊನ್ನೆಯೆಂದೇ ಬರೆದಿದೆಯೇ, ಗೆರೆ ಬಳಸಿದ ಕಡೆ ಷರಾ ಇದೆಯೇ ನೋಡಿ. ಕೆಲವು ಹಾಳೆಗಳಲ್ಲಿ ವಾಚರ್ ಹೆಸರಿಗೆ ಜಾಗವೇ ಇರುವುದಿಲ್ಲ. ಅಂಚಿನಲ್ಲಿ ಬರೆದುಬಿಡಿ, ಹಾಡಿಯ ಹೆಸರಿನ ಸಮೇತ. ಮುಂದಿನ ಸಲ ಅದೇ ಬೀಟ್‌ಗೆ ಹೋಗುವವರಿಗೆ ಯಾರನ್ನು ಕರೆಯಬೇಕೆಂದು ಗೊತ್ತಿರುತ್ತದೆ.